ಗೆಜ್ಜೆ ಸುಮ್ಮನಿದ್ದ ಮಧ್ಯಾಹ್ನ

ಹಲಸಿನ ಹಣ್ಣಿನ ವಾಸನೆ ಬಂದರೆ ಈಗಲೂ ನಾನು ಮೊದಲು ಸುತ್ತ ನೋಡುತ್ತೇನೆ.

ಸಿದ್ದಾಪುರದ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ ಬೇಸಿಗೆಯ ಕೊನೆಗೆ ಖಾಲಿ ಇರುತ್ತಿತ್ತು. ಅಕ್ಕ ಅಲ್ಲಿ ಭರತನಾಟ್ಯ ಅಭ್ಯಾಸ ಮಾಡುತ್ತಿದ್ದಳು. ಮುಂದಿನ ವಾರ ಅವಳ ರಂಗಪ್ರವೇಶ. ನಮ್ಮ ಮನೆಯಿಂದ ವೇದಿಕೆ ಹತ್ತುವ ಮೊದಲ ಹುಡುಗಿ ಅವಳು. ಮಂಡಿ ಮಡಿಸಿ ನಿಲ್ಲುವ ಅರಮಂಡಿ ಕಂಡರೆ ಜಗಲಿಯಲ್ಲಿದ್ದ ಅಜ್ಜಿಗೆ ನಗು.

"ಕೂತರೆ ಕೂರ್ಬೇಕು, ನಿಂತರೆ ನಿಲ್ಬೇಕು. ಇದೆಂತ ಮಾರಾಯ್ತಿ ಅರ್ಧಂಬರ್ಧ?"

"ನೀವೊಮ್ಮೆ ನಿಂತು ನೋಡಿ ಅಜ್ಜಿ" ಎಂದ ಅಕ್ಕ ಹಲಸು ತಿನ್ನುತ್ತಿದ್ದ ನನ್ನ ಕಡೆ ತಿರುಗಿ, "ಆ ಹಣ್ಣು ಒಳಗಿಡು, ಆನೆ ಬರ್ತದೆ" ಎಂದಳು.

ನಾನು ಅರ್ಧ ತಿಂದ ಹಲಸನ್ನು ಕಣದ ಅಂಚಿನಲ್ಲೇ ಬಿಟ್ಟು ಜಗಲಿಗೆ ಬಂದೆ.

ಸ್ವಲ್ಪ ಹೊತ್ತಿಗೆ ಕಾಫಿ ಗಿಡಗಳ ನಡುವಿನಿಂದ ಒಂಟಿ ಆನೆ ಬಂತು. ಅಕ್ಕ ಅರಮಂಡಿಯಲ್ಲಿದ್ದಳು. ಒಂದು ಹೆಜ್ಜೆ ಇಟ್ಟಿದ್ದರೂ ಕಾಲಿನ ಗೆಜ್ಜೆ ಸದ್ದು ಮಾಡಿಬಿಡುತ್ತಿತ್ತು. ಅಜ್ಜಿ ನನ್ನ ಬಾಯಿ ಮುಚ್ಚಿದರು. ಅವರ ಒರಟು ಅಂಗೈ ಬೆವೆತಿತ್ತು. ಆನೆ ಹಣ್ಣನ್ನು ಕಾಲಲ್ಲಿ ಒತ್ತಿ ಒಡೆದು, ತೊಳೆ, ಸಿಪ್ಪೆ ಎಲ್ಲವನ್ನೂ ನಿಧಾನವಾಗಿ ತಿಂದಿತು. ಅಕ್ಕನ ತೊಡೆ ನಡುಗುವುದು ಜಗಲಿಗೇ ಕಾಣುತ್ತಿತ್ತು. ಮೊಣಕಾಲಿನ ಕೆಳಗೆ ಏನೂ ಅಲುಗಲಿಲ್ಲ.

ಆನೆ ತೋಟಕ್ಕಿಳಿದ ಮೇಲೆ ಅಜ್ಜಿ ಓಡಿಹೋಗಿ ಅವಳನ್ನು ತಬ್ಬಿ ಕೂರಿಸಿದರು. ಆಗ ಗೆಜ್ಜೆಗಳೆಲ್ಲ ಒಮ್ಮೆಗೇ ಸದ್ದು ಮಾಡಿದವು.

ಸಂಜೆ ತೋಟದ ಲೆಕ್ಕ ನೋಡುವ ರೈಟರ್ ಬಂದು ಕೇಳಿದರು: "ಕಣದವರೆಗೆ ಬರ್ಲಿಕ್ಕೆ ಅದಕ್ಕೆ ಇಲ್ಲಿ ಎಂತ ಇತ್ತು?"

ಅಜ್ಜಿ ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಅಕ್ಕ ನನ್ನನ್ನೇ ನೋಡಿದಳು.

"ಎಂತದೂ ಇರ್ಲಿಲ್ಲ" ಎಂದಳು.