ಅತ್ತೆ ತಂದ ದಾಸವಾಳ

ಬಡಾವಣೆಯ ಪಾರ್ಕನ್ನು ನಿವಾಸಿಗಳೇ ನೋಡಿಕೊಳ್ಳುತ್ತಿದ್ದರು. ಮನೆಗೊಂದು ಪಾತಿ, ಎಲ್ಲದರಲ್ಲೂ ಅದೇ ಕೆಂಪು ದಾಸವಾಳ. ಗೇಟಿನ ಪಕ್ಕ ಹೇಮಲತಾಳ ಪಾತಿ ಮೈತುಂಬ ಹೂ ಬಿಟ್ಟು ನಿಂತಿರುತ್ತಿತ್ತು. ಹಿಂದಿನ ಮೂಲೆಯಲ್ಲಿ, ಅಷ್ಟೇ ಗೊಬ್ಬರ ತಿಂದ ತನ್ನ ಪಾತಿಯಲ್ಲಿ ಬೆರಳೆಣಿಕೆಯ ಹೂವು ಕಂಡು ವಾರಿಜಳ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅವಳು ಅತ್ತೆಗೆ ನಯವಾಗಿ ಹೇಳಿದಳು: “ಬೆಳಿಗ್ಗೆ ವಾಕಿಂಗ್ ಹೋಗ್ತೀರಲ್ಲ ಅತ್ತೆ, ಪೂಜೆಗೆ ಹೂವು ಪಾರ್ಕಲ್ಲೇ ಕಿತ್ಕೊಂಡ್ಬನ್ನಿ. ಗೇಟಿನ ಹತ್ರ ಬೇಕಾದಷ್ಟಿದೆ.”

ಅಂದಿನಿಂದ ದೇವರ ಮುಡಿಯಲ್ಲಿ ದಿನವೂ ದಾಸವಾಳ. ಹೇಮಲತಾಳ ಗಿಡದ್ದು ಇಷ್ಟು ಕಮ್ಮಿಯಾಯಿತು ಎಂದು ವಾರಿಜ ಕೈಮುಗಿಯುವಾಗಲೂ ಒಳಗೊಳಗೇ ಹಿಗ್ಗುತ್ತಿದ್ದಳು.

ಯುಗಾದಿಯ ದಿನ ಸಂಘದವರು ಚೆಂದದ ಪಾತಿಯ ಬಹುಮಾನವನ್ನು ಹೇಮಲತಾಳಿಗೇ ಕೊಟ್ಟರು. ವಾರಿಜಳ ಪಾತಿಯಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ.

ಮನೆಗೆ ಬಂದವಳೇ ಸಿಡುಕಿದಳು. “ದಿನಾ ಕಿತ್ರೂ ಅವಳ ಗಿಡದಲ್ಲಿ ಅಷ್ಟು ಹೂವು ಅದೆಲ್ಲಿಂದ ಬರುತ್ತೆ ಅತ್ತೆ?”

ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. “ಶಿವ ಶಿವಾ! ಇನ್ನೊಬ್ಬರ ಗಿಡದ್ದು ಕದ್ದು ದೇವರಿಗೆ ಏರಿಸ್ತಾರೇನೇ? ನಾನು ತಂದಿದ್ದೆಲ್ಲ ನಿನ್ನ ಪಾತೀದೇ ಕಣೇ, ಒಂದು ಮೊಗ್ಗೂ ಬಿಡದ ಹಾಗೆ.”