ತಿಂಗಳ ಮಾತ್ರೆ, ಹದಿನೈದೇ ದಿನ

“ಮತ್ತೆ ಖಾಲಿಯಾ?” ವೈದ್ಯೆ ಫೈಲನ್ನು ಮೇಜಿನ ಮೇಲೆ ಎಸೆದಳು. “ತಿಂಗಳಿಗೆ ಬರೆದದ್ದು ಹದಿನೈದು ದಿನಕ್ಕೇ ಹೇಗಮ್ಮ ಮುಗಿಯುತ್ತೆ?”

ಹತ್ತೊಂಬತ್ತರ ಹುಡುಗಿ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಪಕ್ಕದಲ್ಲಿ ನಿಂತಿದ್ದ ಅಕ್ಕ.

“ತಿಂತಾಳೆ, ಡಾಕ್ಟ್ರೇ. ಬಚ್ಚಿಟ್ಟರೂ ಹುಡುಕಿ ತಿಂತಾಳೆ. ಉಳಿದಿದ್ದ ಎರಡನ್ನೂ ಇವತ್ತು ಬೆಳಗ್ಗೆ ನುಂಗಿದಾಳೆ. ನಾಚಿಕೆ ಅನ್ನೋದೇ ಇಲ್ಲ ಇವಳಿಗೆ.”

ನಾಲ್ಕು ತಿಂಗಳ ಹಿಂದೆ ಲಾರಿಯೊಂದು ಹುಡುಗಿಯ ಸೈಕಲ್ಲಿಗೆ ಗುದ್ದಿತ್ತು. ಮಂಡಿಚಿಪ್ಪು ನುಚ್ಚುನೂರು. ಸರ್ಕಾರಿ ವಿಮೆಯ ಕಾರ್ಡಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಅದೇ ಕಾರ್ಡಿಗೆ ಮಾತ್ರೆ. ಅಫೀಮಿನ ಜಾತಿಯದು, ನೋವನ್ನೂ ಮರೆಸುತ್ತದೆ, ಮನುಷ್ಯನನ್ನೂ ಹಿಡಿಯುತ್ತದೆ. ಇಪ್ಪತ್ತೊಂದು ತುಂಬುವವರೆಗೆ ಎಲ್ಲವೂ ಪುಕ್ಕಟೆ. ಆ ವಯಸ್ಸು ದಾಟಿದ ಅಕ್ಕನ ಕಾರ್ಡು ಹೋದ ವರ್ಷವೇ ರದ್ದಾಗಿತ್ತು. ತಾಯಿ ತೀರಿದ ಮೇಲೆ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಮೂಟೆ ಎತ್ತಿ, ಸೊಂಟನೋವು ಹಚ್ಚಿಕೊಂಡು ತಂಗಿಯನ್ನು ಸಾಕಿದವಳು ಅವಳು.

ತೆರೆದ ಬಾಗಿಲಾಚೆ ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು. “ಸರ್ಕಾರದ ಖರ್ಚಲ್ಲಿ ನಶೆ!” ಎಂದ ಒಬ್ಬ, ಒಳಗಿದ್ದವರಿಗೆ ಕೇಳಲೆಂದೇ.

“ಮೂತ್ರ ಪರೀಕ್ಷೆ ಆಗದೆ ಒಂದು ಮಾತ್ರೆಯನ್ನೂ ಬರೆಯಲ್ಲ,” ವೈದ್ಯೆ ಪೆನ್ನು ಮುಚ್ಚಿದಳು.

ಅಕ್ಕ ಮುಂದೆ ನುಗ್ಗಿದಳು. “ಪರೀಕ್ಷೆ ಯಾಕೆ? ನಾನೇ ಹೇಳ್ತಿದೀನಲ್ಲ! ಮಾತ್ರೆ ನಿಲ್ಲಿಸಿದರೆ ನಡುಕ, ವಾಂತಿ, ಮೈಯೆಲ್ಲ ಇರುವೆ ಹರಿದ ಹಾಗೆ... ನಿಮಗೇನು ಗೊತ್ತು?”

ಹುಡುಗಿ ಮೇಜು ಹಿಡಿದು ಎದ್ದಳು. ಹಲ್ಲು ಕಚ್ಚಿದಳು. ಹಣೆಯಲ್ಲಿ ಬೆವರೊಡೆಯಿತು. ನಶೆಯವರ ಬೆವರು, ಎಂದುಕೊಂಡಳು ವೈದ್ಯೆ.

“ಮೂತ್ರದ ಡಬ್ಬಿ ಕೊಡಿ,” ಎಂದಳು ಹುಡುಗಿ.

“ಕೂತ್ಕೊಳ್ಳೇ ಸುಮ್ನೆ!” ಅಕ್ಕ ರಟ್ಟೆ ಹಿಡಿದೆಳೆದಳು. ತಂಗಿ ಬಿಡಿಸಿಕೊಂಡು, ಗೋಡೆ ಹಿಡಿದು ಕುಂಟುತ್ತ ಶೌಚಾಲಯಕ್ಕೆ ಹೋದಳು. ಸಾಲಿನಲ್ಲಿದ್ದ ಯಾರೂ ದಾರಿ ಬಿಡಲಿಲ್ಲ.

ಅರ್ಧ ಗಂಟೆಗೆ ಫಲಿತಾಂಶ ಬಂತು. ವೈದ್ಯೆ ಎರಡು ಸಲ ಓದಿದಳು. ಎದ್ದು ಹೋಗಿ ಬಾಗಿಲು ಹಾಕಿದಳು.

“ಬೆಳಗ್ಗೆ ನುಂಗಿದ್ದರೆ ಇಲ್ಲಿ ಕಾಣಬೇಕಿತ್ತು,” ಅವಳ ದನಿ ಇಳಿದಿತ್ತು. “ಏನೂ ಇಲ್ಲ. ಈ ಮಂಡಿ ಇಟ್ಟುಕೊಂಡು ಒಂದು ಮಾತ್ರೆಯೂ ಇಲ್ಲದೆ ಹೇಗಮ್ಮ ನಡೆದೆ? ನಾನು ಬರೆದದ್ದನ್ನೆಲ್ಲ ಯಾರು ತಿಂದರು?”

ಅಕ್ಕ ಗೋಡೆಗೆ ಒರಗಿ ಹಾಗೇ ಕುಸಿದಳು.

“ನಾನು ಬಾಯಲ್ಲಿ ಹೇಳಿದ್ದರೆ ಯಾರೂ ನಂಬ್ತಿರಲಿಲ್ಲ, ಡಾಕ್ಟ್ರೇ,” ಎಂದಳು ತಂಗಿ. “ಈಗ ಅಕ್ಕನ್ನ ಆಸ್ಪತ್ರೆಗೆ ದಾಖಲು ಮಾಡ್ಕೊಳ್ಳಿ, ಆ ಮಾತ್ರೆ ಬಿಡಿಸಿ.”