ಗುರುತಿನ ದೀಪ

ಮುಟ್ಟಿದವರ ಗುರುತು ತೋರಿಸುವ ದೀಪ ಠಾಣೆಗೆ ಬಂದು ಮೂರು ವರ್ಷವಾಗಿತ್ತು. ಪ್ರತಿ ಆಯುಧಪೂಜೆಗೆ ಬಂದೂಕುಗಳ ಪಕ್ಕ ಅದನ್ನೂ ಇಟ್ಟು, ಕುಂಕುಮ ಹಚ್ಚಿ, ಮತ್ತೆ ಬೀರುವಿಗೆ ಸೇರಿಸುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಕೊಟ್ರಪ್ಪನಿಗೆ ಲಾಠಿಯೇ ಸಾಕಾಗಿತ್ತು. ಈಗ ದೀಪದ ಸಾಕ್ಷಿಯಿಲ್ಲದೆ ಯಾರನ್ನೂ ಒಳಗೆ ಹಾಕಲು ಕೋರ್ಟು ಬಿಡುತ್ತಿರಲಿಲ್ಲ.

ಹಾಗಾಗಿ ಗಾಜಿಗೆ ಅಂಟಿದ್ದ ಕುಂಕುಮ ಒರೆಸಿಕೊಂಡು ಬಂದು, ವಿಮಲಾಕ್ಷಮ್ಮನವರ ನಡುಮನೆಯಲ್ಲಿ ಬೂಟುಗಾಲಲ್ಲೇ ನಿಂತಿದ್ದ. ಕಳುವಾಗಿದ್ದು ಅವರ ಚಿನ್ನದ ಸರ.

"ಇವಳೇ ತಗಂಡಿರೋದು. ಠಾಣೆಗೆ ಕರ್ಕಂಡೋಗಿ ನಾಕು ಬಿಟ್ರೆ ಬಾಯಿ ಬಿಡ್ತಾಳೆ," ಎಂದರು ವಿಮಲಾಕ್ಷಮ್ಮ. ಮನೆಗೆಲಸದ ಹನುಮಕ್ಕ ಬಾಗಿಲ ಬಳಿ ನಿಂತಿದ್ದಳು.

"ಇಬ್ರೂ ಕೈ ತೋರ್ಸಿ," ಎಂದ ಕೊಟ್ರಪ್ಪ.

ದೀಪದಡಿ ಯಜಮಾನಿಯ ಅಂಗೈ ನೀಲಿಯಾಗಿ, ಹನುಮಕ್ಕನದು ಅರಿಸಿನದ ಬಣ್ಣಕ್ಕೆ ಹೊಳೆಯಿತು. ಸರ ಇಟ್ಟಿದ್ದ ಡಬ್ಬಿಯ ಮೇಲೆ ಬೆಳಕು ಬಿಟ್ಟ. ಅಲ್ಲಿ ಬರೀ ನೀಲಿಯಿತ್ತು.

"ಈಯಮ್ಮ ಮುಟ್ಟೇ ಇಲ್ಲ ಅಮ್ಮಾರೆ. ನೀವೇ ಎಲ್ಲಿ ಇಟ್ಟು ಮರ್ತೀರೋ ನೋಡಾಣ," ಎನ್ನುತ್ತ ದೀಪವನ್ನು ಮನೆಯತ್ತ ತಿರುಗಿಸಿದ.

ನೆಲ, ಗೋಡೆ, ಕಿಟಕಿಯ ಸರಳು, ಅಡುಗೆಮನೆಯ ಒಂದೊಂದು ಪಾತ್ರೆ, ಅಟ್ಟದ ಮೇಲಿನ ಹಳೇ ತೊಟ್ಟಿಲು ಎಲ್ಲವೂ ಅರಿಸಿನದ ಬಣ್ಣದಲ್ಲಿ ಬೆಳಗಿದವು. ಹನುಮಕ್ಕನ ಹತ್ತೊಂಬತ್ತು ವರ್ಷಗಳ ಚಾಕರಿಯ ಅಂಗೈಗುರುತುಗಳು ಒಂದರ ಮೇಲೊಂದು ಕೂತಿದ್ದವು. ನೀಲಿ ಅಲ್ಲೊಂದು ಇಲ್ಲೊಂದು ಚುಕ್ಕಿಯಷ್ಟೇ ಇತ್ತು. ಹನುಮಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು.

ಕೊಟ್ರಪ್ಪ ಕಾಲ ಕೆಳಗೆ ಹೊಳೆಯುತ್ತಿದ್ದ ನೆಲವನ್ನು ನೋಡಿದ. ಮೆಲ್ಲಗೆ ಹಿಂದೆ ಸರಿದು ಹೊಸ್ತಿಲು ದಾಟಿ, ಬೂಟು ಬಿಚ್ಚಿಟ್ಟು ಒಳಗೆ ಬಂದ.